ತೆಂಗಾಳಿಯ ತಕರಾರು

ಎರಡು ಸಾಲು ಬರೆದುಕೊಡಿ ಎಂದವರಿಗೆ ಎರಡೇ ಸಾಲು ಬರೆದುಕೊಟ್ಟ ನಿದರ್ಶನ ನನ್ನ ಜೀವನದಲ್ಲಿಲ್ಲ. ಮದುವೆಯ ಉಡುಗೊರೆಯ ಲಕೋಟೆಯ ಮೇಲೂ ಒಂದು ಪ್ಯಾರಾ ಬರೆಯುವವನು ನಾನು. ಬ್ಯಾಂಕಿನಲ್ಲಿದ್ದಾಗ ರಜೆಯ ಅರ್ಜಿಯಲ್ಲಿ ‘ಜ್ವರ’ ಎಂಬ ಒಂದೇ ಪದ ಸಾಲುವಲ್ಲಿ, ಜ್ವರ ಬಂದ ಬಗೆಯನ್ನೂ ಅದು ಬಿಟ್ಟುಹೋಗುವ ಸಂಭವವನ್ನೂ ವಿವರಿಸುತ್ತಿದ್ದೆ. ಮ್ಯಾನೇಜರರು ಓದದೆ ಸಹಿ ಹಾಕುತ್ತಿದ್ದರು. ಬರೆಯುವ ಚಟದವನಿಗೆ ಓದದವರಿಂದ ಏನೂ ಅಪಾಯವಿಲ್ಲ. ಓದದಿದ್ದರೂ ಜೋಪಾನವಾಗಿ ಎತ್ತಿಡುವವರಿದ್ದಾರಲ್ಲ, ಅವರ ಬಗ್ಗೆ ಎಚ್ಚರವಾಗಿರಬೇಕು. ಇದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಒಂದು ಗಾಳಿಯ ವ್ಯಾಜ್ಯದಲ್ಲಿ.

ಗಾಳಿಗೂ ವ್ಯಾಜ್ಯವೇ ಎಂದು ನೀವು ನಗಬಹುದು. ಕೋಲ್ಕತ್ತಾದಲ್ಲಿ ಯಾರೂ ನಗುವುದಿಲ್ಲ. ಇಲ್ಲಿ ಮನೆ ಹುಡುಕುವವರು ನೀರು ಬರುತ್ತದೆಯೇ, ಮೆಟ್ರೋ ಹತ್ತಿರವೇ ಎಂದು ಕೇಳುವ ಮೊದಲು ‘ದೊಕ್ಖಿನ್ ಖೋಲಾ?’ ಎಂದು ಕೇಳುತ್ತಾರೆ. ದಕ್ಷಿಣ ತೆರೆದಿದೆಯೇ ಎಂದು ಅರ್ಥ. ಬೇಸಿಗೆಯ ದಿನವಿಡೀ ಬೆವರಿನಲ್ಲಿ ಬೆಂದ ಈ ಊರಿಗೆ ಸಂಜೆಯ ಹೊತ್ತು ಸಮುದ್ರದ ಕಡೆಯಿಂದ ಒಂದು ಗಾಳಿ ಬರುತ್ತದೆ. ಅದು ಒಳಗೆ ಬರುವ ಮನೆಯವರು ಸುಖಿಗಳು, ಉಳಿದವರು ಫ್ಯಾನಿನ ಕೆಳಗೆ ಕುಳಿತು ಅವರ ಬಗ್ಗೆ ಮಾತಾಡುವವರು.

ನಾವೋ ಉಡುಪಿ ಕಡೆಯವರು. ನಮಗೆ ದಕ್ಷಿಣವೆಂದರೆ ಯಮನ ದಿಕ್ಕು. ದೀಪದ ಬತ್ತಿ ಆ ಕಡೆಗೆ ತಿರುಗಿದ್ದರೆ ನನ್ನ ಅಮ್ಮ ಅಡುಗೆ ಬಿಟ್ಟು ಎದ್ದುಬಂದು ಸರಿಮಾಡುತ್ತಿದ್ದರು. ಹಾಗೆಂದು ನಮ್ಮ ಭಾಷೆಗೆ ಆ ಭಯವಿಲ್ಲ. ತೆಂಕಣದಿಂದ ಬೀಸುವ ತೆಂಗಾಳಿ ಎಂದೊಡನೆ ಕನ್ನಡದ ಹಳೆಯ ಕವಿಗಳು ಮೈಮರೆಯುತ್ತಾರೆ. ಮಲಯಮಾರುತ ಎಂದು ಒಂದು ರಾಗಕ್ಕೇ ಹೆಸರಿಟ್ಟಿದ್ದೇವೆ. ಕಾವ್ಯದಲ್ಲಿ ಎಷ್ಟು ಬೇಕಾದರೂ ಬೀಸಲಿ, ಮನೆಯ ಹೊಸ್ತಿಲಿಗೆ ಮಾತ್ರ ಬೇಡ ಎಂಬುದು ನಮ್ಮ ಹಿರಿಯರು ಮಾಡಿಕೊಂಡ ಒಪ್ಪಂದವಿರಬೇಕು.

ಜಾದವ್‌ಪುರದ ಒಂದು ಗಲ್ಲಿಯಲ್ಲಿ ಹೊಸದಾಗಿ ಕಟ್ಟುತ್ತಿದ್ದ ಎಂಟು ಮನೆಗಳ ಕಟ್ಟಡದಲ್ಲಿ ನಾವು ಮೂರನೆಯ ಮಹಡಿ ಹಿಡಿದದ್ದು ಮಗಳ ಶಾಲೆ ಹತ್ತಿರವೆಂದು, ಲಿಫ್ಟು ಇದೆಯೆಂದು. ದಕ್ಷಿಣಕ್ಕೆ ಬಾಲ್ಕನಿ ಇದ್ದದ್ದು ನಮ್ಮ ಲೆಕ್ಕದಲ್ಲಿ ಒಂದು ದೋಷ. ಹೆಂಡತಿ ಮಾಲತಿ ಅಲ್ಲಿ ಬಟ್ಟೆ ಒಣಹಾಕಿ ಆ ದೋಷವನ್ನು ಮರೆಮಾಡಿದಳು. ಪಕ್ಕದ ಮನೆಯ ಬಿಮಲ್‌ದಾ ಮಾತ್ರ ತಮ್ಮ ಮನೆ ಕೊಂಡದ್ದೇ ಆ ಬಾಲ್ಕನಿಗಾಗಿ. ಭೂಗೋಳದ ಮೇಷ್ಟರಾಗಿ ನಿವೃತ್ತರಾದವರು, ಎದೆಯಲ್ಲಿ ಹಳೆಯ ಉಬ್ಬಸ. ಗಾಳಿ ಆಡುವ ಕಡೆ ಕೂರಿ ಎಂದು ವೈದ್ಯರು ಹೇಳಿದ್ದನ್ನು ಅವರು ಔಷಧಿಗಿಂತ ನಿಷ್ಠೆಯಿಂದ ಪಾಲಿಸುತ್ತಿದ್ದರು. ಸಂಜೆ ನಾಲ್ಕೂವರೆಗೆ ಮಂಡಕ್ಕಿಯ ಬಟ್ಟಲು ಹಿಡಿದು ಕುರ್ಚಿಯಲ್ಲಿ ಕುಳಿತು ಕಾಯುತ್ತಿದ್ದರು. ಗಾಳಿ ಬಂದ ಕೂಡಲೇ ಎರಡು ಬಾಲ್ಕನಿಗಳ ನಡುವಿನ ಗ್ರಿಲ್ಲಿನಿಂದ ಕೂಗಿ ಹೇಳುತ್ತಿದ್ದರು: “ಐತಾಲ್‌ಬಾಬು, ಇವತ್ತು ನಾಲ್ಕು ನಲವತ್ತು!”

ಮೊದಲನೆಯ ವರ್ಷ ಬ್ಯಾಂಕಿನ ರಜಾದಿನಗಳಲ್ಲಿ ನಾನು ಒಳಗಿನಿಂದಲೇ ‘ಹಾಂ ಹಾಂ’ ಎನ್ನುತ್ತಿದ್ದೆ. ಎರಡನೆಯ ವರ್ಷ ಮರ್ಯಾದೆಗೆಂದು ಹೊರಗೆ ಬಂದು ನಿಲ್ಲುತ್ತಿದ್ದೆ. ಮೂರನೆಯ ವರ್ಷ ಸಿಯಾಲ್ದಾ ಮಾರುಕಟ್ಟೆಯಿಂದ ಒಂದು ಬೆತ್ತದ ಕುರ್ಚಿ ಹೊತ್ತುತಂದೆ, ಮಾಲತಿಯ ಬಟ್ಟೆಗಳು ಪೂರ್ವದ ಕಿಟಕಿಗೆ ವರ್ಗವಾದವು. ಮನುಷ್ಯ ಮತಾಂತರವಾಗುವುದು ಹೀಗೆಯೇ ಇರಬೇಕು, ಅವನಿಗೇ ಗೊತ್ತಾಗುವುದಿಲ್ಲ.

ಹೀಗಿರುವಾಗ ಹೋದ ವರ್ಷ ಒಂದು ಬೆಳಿಗ್ಗೆ ನಮ್ಮ ದಕ್ಷಿಣದ ಖಾಲಿ ಜಾಗದಲ್ಲಿ ಮರಳಿನ ಲಾರಿ ಬಂದು ನಿಂತಿತು. ಅದರ ಹಿಂದೆಯೇ ಕಬ್ಬಿಣದ ಸರಳುಗಳು, ಅದರ ಹಿಂದೆ ತಗಡಿನ ಬೋರ್ಡು: ನಮ್ಮ ಮನೆ ಕಟ್ಟಿದ ಬಿಲ್ಡರನದೇ ಎರಡನೆಯ ಕಟ್ಟಡ. ಗೋಡೆ ನಮ್ಮ ಬಾಲ್ಕನಿಯಿಂದ ನಾಲ್ಕೇ ಅಡಿ ದೂರದಲ್ಲಿ ಏಳಲಿತ್ತು. ಆ ಜಾಗ ಎಂದೆಂದಿಗೂ ತೋಟವಾಗಿಯೇ ಇರುತ್ತದೆ ಎಂದು ಮನೆ ಮಾರುವಾಗ ಹೇಳಿದ್ದರಲ್ಲ ಎಂದು ನಾವೆಲ್ಲ ಬಿಲ್ಡರನ ಕಚೇರಿಗೆ ಹೋದರೆ, ಅಲ್ಲಿದ್ದವರು ಚಹಾ ಕೊಟ್ಟು ಕೇಳಿದರು, “ತೋಟವೇ? ಎಲ್ಲಿ ಬರೆದಿದೆ?”

ಬರೆದಿತ್ತು. ಬಣ್ಣದ ಕಾಗದದಲ್ಲಿ ಅಚ್ಚಾಗಿತ್ತು. ಆದರೆ ಎಂಟು ಮನೆಗಳಲ್ಲೂ ಆ ಕಾಗದ ಯಾವುದೋ ವರ್ಷದ ದುರ್ಗಾಪೂಜೆಯ ಮುಂಚಿನ ಮನೆ ಗುಡಿಸುವ ಸಂಭ್ರಮದಲ್ಲಿ ರದ್ದಿಯವನ ಪಾಲಾಗಿತ್ತು. ವೆಬ್‌ಸೈಟಿನಲ್ಲಿ ಹುಡುಕಿದರೆ ತೋಟವಿದ್ದಲ್ಲಿ ಹೊಸ ಕಟ್ಟಡದ ಚಿತ್ರ, ಹುಟ್ಟಿದಂದಿನಿಂದ ಅಲ್ಲೇ ಇದ್ದ ಹಾಗೆ ನಗುತ್ತಿತ್ತು.

ನನಗೆ ಕೋಪ ಬಂದದ್ದು ತೋಟ ಹೋದದ್ದಕ್ಕಿಂತ ಅದು ಹೋದ ರೀತಿಗೆ. ಬ್ಯಾಂಕಿನಲ್ಲಿ ನಮಗೆ ಮೊದಲ ದಿನ ಕಲಿಸಿದ ಪಾಠವೆಂದರೆ, ತಪ್ಪು ಬರೆದರೆ ಉಜ್ಜಬಾರದು. ಒಂದು ಗೆರೆ ಎಳೆಯಬೇಕು, ಹಳೆಯದು ಓದುವಂತಿರಬೇಕು, ಮೇಲೆ ಸರಿಯಾದದ್ದನ್ನು ಬರೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ನಾನು ತಪ್ಪಿದೆ, ತಿದ್ದಿದವನೂ ನಾನೇ ಎಂದು ಒಪ್ಪಿಕೊಂಡ ಹಾಗೆ. ವೆಬ್‌ಸೈಟಿಗೆ ಇಂಥ ನಾಚಿಕೆ ಇಲ್ಲ. ನಮ್ಮ ಹಳೆಯ ರಾಜರು ಈ ವಿಷಯದಲ್ಲಿ ಜಾಣರು. ದಾನ ಕೊಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಸಿ, ಮೇಲೆ ಸೂರ್ಯಚಂದ್ರರನ್ನು ಸಾಕ್ಷಿಗೆ ಕೂರಿಸಿ, ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂದು ಕೆಳಗೆ ಶಾಪವನ್ನೂ ಬರೆಸುತ್ತಿದ್ದರು. ಬಿಲ್ಡರನ ‘ಎಂದೆಂದಿಗೂ’ ಎಂಬ ಮಾತಿನ ಕೆಳಗೆ ಒಂದು ಸಣ್ಣ ಶಾಪವಾದರೂ ಇದ್ದಿದ್ದರೆ ಎಂದು ಅನ್ನಿಸಿತು.

ಶಾಪವಿಲ್ಲದ ಕಾಲಕ್ಕೆ ಮಗಳಿದ್ದಾಳೆ. ಅನನ್ಯಾ ಇಲ್ಲೇ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಮೂರು ಭಾಷೆಯ ಗೊಜ್ಜು. “ಅಪ್ಪಾ, ಒಂದು ಸೈಟ್ ಉಂಟು. ದೇ ಕೀಪ್ ಓಲ್ಡ್ ಪೇಜಸ್. ಸಬ್ ಕಾ,” ಎಂದಳು. ಊರವರೆಲ್ಲರ ಪುಟಗಳ ಚಿತ್ರವನ್ನು ಆಗಾಗ ತೆಗೆದು, ತಾರೀಕು ಬರೆದು ಎತ್ತಿಡುವ ಒಂದು ತಾಣವಂತೆ. ಯಾರೂ ಕೇಳದೆ, ಯಾರಿಗೂ ಹೇಳದೆ. ಬಿಲ್ಡರನ ವಿಳಾಸ ಹಾಕಿ ಹನ್ನೊಂದು ವರ್ಷ ಹಿಂದಕ್ಕೆ ಹೋದಳು. ಪುಟ ನಿಧಾನವಾಗಿ ತೆರೆದುಕೊಂಡಿತು. ಹಸಿರು ತೋಟ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ದಕ್ಷಿಣ ದಿಕ್ಕು ಎಂದೆಂದಿಗೂ ತೆರೆದೇ ಇರುತ್ತದೆ.

ನಾನು ಕುಣಿಯುವುದೊಂದು ಬಾಕಿ. “ಬಿಮಲ್‌ದಾ!” ಎಂದು ಕೂಗಲು ಹೊರಟವನನ್ನು ಅನನ್ಯಾ ತಡೆದಳು. “ಅಪ್ಪಾ, ಪ್ಲೀಸ್, ಕೆಳಗೆ ಸ್ಕ್ರೋಲ್ ಮಾಡ್ಬೇಡಿ.”

ಬೇಡ ಎಂದದ್ದನ್ನು ಮಾಡದೆ ಇರಲು ನಾನೇನು ಋಷಿಯೇ? ಕೆಳಗೆ ‘ನಮ್ಮ ಸಂತೃಪ್ತ ಗ್ರಾಹಕರು’ ಎಂಬ ಶೀರ್ಷಿಕೆ. ಅದರಡಿ ತಲೆತುಂಬ ಕೂದಲು, ದಪ್ಪ ಮೀಸೆ, ಆತ್ಮತೃಪ್ತಿಯ ನಗೆ ಹೊತ್ತ ಒಬ್ಬ ಮಹಾಶಯ. ನಾನೇ. ಮೊದಲು ಮನೆ ಕಾದಿರಿಸಿದವನೆಂದು ಕೀಲಿಕೈ ಕೊಟ್ಟ ದಿನವೇ ಎರಡು ಸಾಲು ಬರೆದುಕೊಡಿ ಎಂದಿದ್ದರು. ಬರೆದುಕೊಟ್ಟದ್ದಕ್ಕೆ ಒಂದು ಗೋಡೆ ಗಡಿಯಾರ ಕೊಟ್ಟಿದ್ದರು. ಬರೆದದ್ದು ಮರೆತೇಹೋಗಿತ್ತು. ನನ್ನದೇ ಇಂಗ್ಲಿಷಿನಲ್ಲಿ ಹೀಗಿತ್ತು:

‘ನಾವು ಕರ್ನಾಟಕದ ಕರಾವಳಿಯವರು. ನಮ್ಮಲ್ಲಿ ದಕ್ಷಿಣ ಯಮಧರ್ಮನ ದಿಕ್ಕು. ಆ ಕಡೆಯ ಗಾಳಿಗಾಗಿ ಈ ನಗರ ಪಡುವ ಪಾಡು ನನಗೆ ಅರ್ಥವಾಗುವುದಿಲ್ಲ. ನಾಳೆ ಅಲ್ಲೊಂದು ಗೋಡೆ ಎದ್ದರೂ ನನ್ನ ತಕರಾರಿಲ್ಲ. ಯಮನಿಗೆ ದಾರಿ ಸ್ವಲ್ಪ ಬಳಸಾಗುತ್ತದೆ, ಅಷ್ಟೆ. ಲಿಫ್ಟು ಚೆನ್ನಾಗಿದೆ.’

‘ಲಿಫ್ಟು ಚೆನ್ನಾಗಿದೆ’ ಎಂದಷ್ಟೇ ಬರೆದಿದ್ದರೆ ಸಾಕಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಇಲ್ಲಿ ಹೋಗುವುದೇ ಇಲ್ಲ ಎಂಬುದು ಕಷ್ಟ.

ಗ್ರಾಹಕ ಆಯೋಗಕ್ಕೆ ದೂರು ಕೊಡಲೆಂದು ಮುದ್ರಿಸಿದಾಗ ಪುಟ ಮೂರು ಹಾಳೆಯಾಯಿತು. ತೋಟ ಒಂದನೆಯದರಲ್ಲಿ, ನಾನು ಮೂರನೆಯದರಲ್ಲಿ. ಕನ್ನಡಕ ಹಾಕಿ ಎಲ್ಲವನ್ನೂ ಓದಿದ ಮಾಲತಿ ಕೇಳಿದಳು, “ಅಷ್ಟು ಉದ್ದ ಬರೀಲಿಕ್ಕೆ ನಿಮ್ಗೆ ಯಾರು ಹೇಳಿದ್ದು ಮಾರಾಯ್ರೆ?” ಆಮೇಲೆ ಕರುಣೆ ಬಂದು, “ಮೂರನೇದು ಕೊಡುದೇ ಬೇಡ. ಎರಡು ಹಾಳೆ ಸಾಕು. ಕೋರ್ಟಿನವರಿಗೆಂತ ಕನಸು ಬೀಳ್ತದಾ?” ಎಂದಳು.

ಸಲಹೆ ಸಿಹಿಯಾಗಿತ್ತು. ತೊಂದರೆಯೆಂದರೆ ಸಹಿ. ಗ್ರಾಹಕ ಆಯೋಗದಲ್ಲಿ ನಮ್ಮ ಪರ ವಾದಿಸಲು ಒಪ್ಪಿದ್ದ ವಕೀಲರು ಶರ್ಮಿಷ್ಠಾ ಎಂಬ ಯುವತಿ. ಕಂಪ್ಯೂಟರಿನಿಂದ ತೆಗೆದ ಕಾಗದಕ್ಕೆ ತನ್ನಷ್ಟಕ್ಕೆ ಬಾಯಿಲ್ಲ ಎಂದು ಅವರು ವಿವರಿಸಿದ್ದರು. ಯಾವ ಯಂತ್ರದಿಂದ, ಯಾರ ಕೈಯಿಂದ, ಯಾವತ್ತು ತೆಗೆದದ್ದು, ಇದು ಇದ್ದದ್ದು ಇದ್ದ ಹಾಗೆ ಎಂದು ಒಬ್ಬರು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಯಂತ್ರ ನನ್ನದು, ಕೈ ನನ್ನದು. ಮೂವತ್ನಾಲ್ಕು ವರ್ಷ ಚಿಕ್ಕ ಸಹಿ ಹಾಕಿ ಬದುಕಿದವನು ಎರಡು ಹಾಳೆಗೆ ‘ಪೂರ್ತಿ’ ಎಂದು ದೊಡ್ಡ ಸಹಿ ಹಾಕುವುದು ಹೇಗೆ? ಪೂರ್ತಿ ಕೊಟ್ಟರೆ ಬಿಮಲ್‌ದಾ ಕಾಯುವ ಗಾಳಿಗೆ ನಾನೇ ಗೋಡೆ ಕಟ್ಟಿದ ಹಾಗೆ. ಎರಡು ದಿನ ಬಾಲ್ಕನಿಗೆ ಹೋಗದೆ ತಲೆನೋವೆಂದು ಸುಳ್ಳು ಹೇಳಿದೆ.

ಮೂರನೆಯ ದಿನ ಮೂರೂ ಹಾಳೆ ಹಿಡಿದು ಬಿಮಲ್‌ದಾರ ಮನೆಗೆ ಹೋದೆ. ಅವರು ಭೂಪಟ ನೋಡುವ ದೊಡ್ಡ ಮಸೂರ ತಂದು, ಬಾಲ್ಕನಿಯಲ್ಲಿ ಕುಳಿತು, ನನ್ನ ಮೀಸೆಯಿಂದ ಆರಂಭಿಸಿ ಲಿಫ್ಟಿನವರೆಗೆ ಓದಿದರು. ನಾನು ನೆಲ ನೋಡುತ್ತಿದ್ದೆ. ನಿಜವಾಗಿ ಭಯವಾಗಿತ್ತು. ಹತ್ತು ವರ್ಷದ ಸ್ನೇಹ ನಾಲ್ಕು ಸಾಲಿನ ಜಾಣತನದಲ್ಲಿ ಮುಗಿಯುತ್ತದೆಯೋ ಎಂದು.

“ಐತಾಲ್‌ಬಾಬು, ಯಮನಿಗೆ ಗೋಡೆ ಅಡ್ಡಿಯಲ್ಲ. ಅಡ್ಡಿಯಾಗುವುದು ನನಗೆ,” ಎಂದರು. ಉಸಿರು ಎಳೆದುಕೊಂಡು ಮುಂದುವರಿಸಿದರು: “ಆದರೂ ಪೂರ್ತಿಯೇ ಕೊಡಿ. ಬರೆಯಲು ಕಷ್ಟವೆಂದು ಭೂಪಟದಲ್ಲಿ ಒಂದು ನದಿಯನ್ನು ಬಿಟ್ಟುಬಿಡುವ ಹುಡುಗರಿಗೆ ನಾನು ಸೊನ್ನೆ ಕೊಡುತ್ತಿದ್ದೆ. ಈಗ ನಿಮ್ಮನ್ನು ಪಾಸು ಮಾಡಿದರೆ ಅವರೆಲ್ಲ ಬಂದು ಕೇಳುತ್ತಾರೆ.”

ಅವತ್ತು ಗಾಳಿ ಐದು ಗಂಟೆಗೆ ಬಂತು. ಇಬ್ಬರೂ ಒಂದೇ ಬಟ್ಟಲಿನಿಂದ ಮಂಡಕ್ಕಿ ತಿಂದೆವು. ಮೂರನೆಯ ಹಾಳೆಯೂ ಇರಲಿ ಎಂದು ಶರ್ಮಿಷ್ಠಾಗೆ ಫೋನಿನಲ್ಲಿ ಹೇಳಿದಾಗ ಅವರು ಬೈಯಬಹುದೆಂದು ಕಾದಿದ್ದೆ. “ಇರಲಿ, ಇರಲಿ,” ಎಂದು ನಕ್ಕರು. ಯಾಕೆ ನಕ್ಕರೆಂದು ಆಗ ತಿಳಿಯಲಿಲ್ಲ.

ವಿಚಾರಣೆಯ ದಿನ ಎಸ್ಪ್ಲನೇಡ್‌ನಲ್ಲಿ ಬಸ್ಸಿಳಿದು ಆಯೋಗದ ಕಚೇರಿಗೆ ನಡೆದುಹೋದೆವು. ಬಿಲ್ಡರನ ವಕೀಲರು ಎದ್ದು ನಿಂತು ಗುಡುಗಿದರು. ಯಾವುದೋ ಪರದೇಶದ ಯಂತ್ರ, ಯಾರೂ ನೋಡದ ಚಿತ್ರ, ಯಾರು ಬೇಕಾದರೂ ಮನೆಯಲ್ಲಿ ಕುಳಿತು ಸೃಷ್ಟಿಸಬಹುದು. ತಮ್ಮ ಕಕ್ಷಿದಾರರ ವೆಬ್‌ಸೈಟಿನಲ್ಲಿ ಇಂಥ ಪುಟವೇ ಇರಲಿಲ್ಲ. ಹೇಳುತ್ತ ಹೇಳುತ್ತ ಹಾಳೆ ತಿರುಗಿಸಿದರು. ಮೂರನೆಯದು ಬಂತು. ಅದುವರೆಗೆ ಅದನ್ನು ಓದಿರಲಿಲ್ಲವೆಂದು ಕಾಣುತ್ತದೆ, ಅವರ ಮುಖ ಅರಳಿತು.

“ಮೇಡಂ, ಅರ್ಜಿದಾರರಲ್ಲೊಬ್ಬರು ತಾವೇ ಹೇಳಿದ್ದಾರೆ, ಕೇಳಬೇಕು,” ಎಂದು ನನ್ನ ನಾಲ್ಕು ಸಾಲನ್ನು ರಾಗವಾಗಿ ಓದಿದರು. ಯಮ ಬಂದಾಗ ಹಿಂದಿನ ಬೆಂಚಿನವರು ನಕ್ಕರು. ನನ್ನ ಹಾಸ್ಯಕ್ಕೆ ಅಷ್ಟು ಜನ ಒಟ್ಟಿಗೆ ನಕ್ಕದ್ದು ಅದೇ ಮೊದಲು, ನನಗೆ ಸಂತೋಷಪಡುವ ಸ್ಥಿತಿ ಇರಲಿಲ್ಲ.

ಪೀಠದ ಅಧ್ಯಕ್ಷೆ ಕನ್ನಡಕ ತೆಗೆದರು. “ಈಗ ತಾನೆ ಇಂಥ ಪುಟವೇ ಇರಲಿಲ್ಲ ಎಂದಿರಿ. ಇರದ ಪುಟದಲ್ಲಿ ಇವರು ಹೇಗೆ ಮಾತಾಡಿದರು?”

ವಕೀಲರು ಮೂರನೆಯ ಹಾಳೆಯನ್ನು ಮಗುಚಿಟ್ಟರು. ಶರ್ಮಿಷ್ಠಾ ಪೆನ್ನಿನ ಮುಚ್ಚಳ ನೋಡುತ್ತಿದ್ದರು. ಅಧ್ಯಕ್ಷೆ ನನ್ನನ್ನು ಎಬ್ಬಿಸಿದರು.

“ಇದು ನೀವು ಬರೆದದ್ದೇ?”

“ಹೌದು ಮೇಡಂ. ಒಂದೊಂದು ಅಕ್ಷರವೂ ನನ್ನದೇ.”

“ಗಾಳಿ ಬೇಡ ಎಂದಿದ್ದೀರಿ.”

“ಆಗ ಅದು ಗೊತ್ತಿರಲಿಲ್ಲ ಮೇಡಂ. ಆಮೇಲೆ ಏಳೆಂಟು ವರ್ಷ ಅದರಲ್ಲಿ ಕುಳಿತೆ.”

ಇಷ್ಟೇ ಹೇಳಿ ಕುಳಿತುಬಿಟ್ಟೆ. ಪಕ್ಕದಲ್ಲಿದ್ದ ಮಾಲತಿ ನನಗೆ ಹುಷಾರಿಲ್ಲವೇನೋ ಎಂದು ಗಾಬರಿಯಿಂದ ನೋಡಿದಳು.

ಪೂರ್ತಿ ತೀರ್ಪು ಇನ್ನೂ ಬರಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲಿಸಿ ಎಂದು ಆದೇಶವಾಗಿದೆ. ಪುಟವನ್ನು ನಂಬಲು ಆದೇಶದಲ್ಲಿ ಕಾರಣಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲೊಂದು, ಸುಳ್ಳು ದಾಖಲೆ ಸೃಷ್ಟಿಸುವವನು ಅದರಲ್ಲಿ ತನಗೇ ವಿರುದ್ಧವಾದ ಮಾತನ್ನು ಸೇರಿಸಿಕೊಳ್ಳುವುದು ಸಂಭವನೀಯವಲ್ಲ ಎಂಬುದು. ಸಭ್ಯವಾದ ಭಾಷೆ. ಮನೆಯಲ್ಲಿ ಮಾಲತಿ ಅದನ್ನು ಹೀಗೆ ಅನುವಾದಿಸಿದಳು: “ಅಷ್ಟು ಪೆದ್ದುತನ ಬೇಕೂಂತ ಮಾಡ್ಲಿಕ್ಕೆ ಯಾರಿಗೂ ಬರುದಿಲ್ಲಾಂತ!”

ತಗಡಿನ ಬೋರ್ಡು ತುಕ್ಕು ಹಿಡಿಯುತ್ತಿದೆ. ಶರತ್ಕಾಲದಲ್ಲಿ ಆ ಮರಳಿನ ರಾಶಿಯ ಸುತ್ತ ಬಿಳಿ ಹುಲ್ಲಿನ ಹೂವು ತೂಗಾಡಿತು, ಯಾರೂ ಮಾಡದ ತೋಟ. ಗಡಿಯಾರ ಅಡುಗೆಮನೆಯಲ್ಲಿದೆ, ಸರಿಯಾದ ಸಮಯ ತೋರಿಸುತ್ತದೆ. ಬಿಲ್ಡರನು ಕೊಟ್ಟದ್ದರಲ್ಲಿ ಮಾತು ಉಳಿಸಿಕೊಂಡದ್ದು ಅದೊಂದೇ. ಅದು ನಾಲ್ಕು ನಲವತ್ತು ತೋರಿಸುವಾಗ ನಾನು ಬೆತ್ತದ ಕುರ್ಚಿಗೆ ಹೋಗುತ್ತೇನೆ.

ಒಂದೇ ಒಂದು ಚಿಂತೆ ಉಳಿದಿದೆ. ಆ ಪುಟ ಈಗಲೂ ಅಲ್ಲೇ ಇದೆ, ಮೀಸೆ ಮತ್ತು ಯಮನ ಸಮೇತ. ಅಳಿಸು ಎಂದು ಯಾರನ್ನೂ ಕೇಳಲಾರೆ, ಉಜ್ಜಬಾರದೆಂದು ಕಲಿತವನು ನಾನು. ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕೋಣವೆಂದರೆ ಅಲ್ಲಿ ಜಾಗವಿಲ್ಲ. ಅದಕ್ಕೇ ಇಲ್ಲಿ ಬರೆದೆ. ಎರಡು ಸಾಲಿನಲ್ಲಿ ಮುಗಿಸಬಹುದಾಗಿತ್ತು, ನಿಜ: ದಕ್ಷಿಣದ ಗಾಳಿ ಚೆನ್ನಾಗಿದೆ. ನನ್ನ ತಕರಾರಿದೆ. ಉಳಿದದ್ದನ್ನೆಲ್ಲ ನನ್ನ ಚಿಕ್ಕ ಸಹಿ ಎಂದು ತಿಳಿಯಿರಿ.