ಸ್ಟುಡಿಯೊದ ಕಾಯಂ ಸಾಲು

ಮಿತ್ರರೇ, ನಾನು ಬದುಕಿದ್ದೇನೆಂದು ಪಿಂಚಣಿ ಕಚೇರಿಗೆ ತೋರಿಸಲು ಹೊಸ ಭಾವಚಿತ್ರ ಬೇಕಾಗಿತ್ತು. ಇಂದು ಮಧ್ಯಾಹ್ನ ದೇಶಪಾಂಡೆ ನಗರದಲ್ಲಿರುವ ಗುರುಸಿದ್ಧನ ಸ್ಟುಡಿಯೊಗೆ ಹೋದೆ. ಚಿತ್ರಗಳ ಪ್ರತಿಗಳನ್ನು ಕಾದಿಡುವ ಬ್ಯಾಕಪ್ ತುಂಬಿತೆಂದು ಅವನು ಗಣಕಯಂತ್ರದ ಮುಂದೆ ಗೊಣಗುತ್ತಿದ್ದ. ತೆರೆಯ ಮೇಲೆ ಮುಖಗಳ ಸಾಲೊಂದಿತ್ತು. ಒಂದೆಡೆ ಎದುರುಮನೆಯ ದೇಸಾಯರು, ಇನ್ನೊಂದೆಡೆ ಅಮ್ಮಿನಬಾವಿಯ ನನ್ನ ಸಹಪಾಠಿ. ಇಬ್ಬರ ಅಂತ್ಯಕ್ರಿಯೆಗೂ ನಾನು ಹೋಗಿದ್ದೆ. ನಡುವೆ ನಾನಿದ್ದೆ.

"ಇದೇನಪ್ಪಾ?"

"ಜಾಗಾ ಸಾಲಂಗಿಲ್ರಿ ಕಾಕಾ. ವರ್ಷ ದಾಟಿದ ಫೋಟೋ ತಾವ ಅಳಸಿ ಹೋಗೂಹಂಗ ಮಾಡೇನಿ. ವಯಸ್ಸಾದವರವು ಅಷ್ಟ ಕಾಯಂ ಇಟ್ಟೇನ್ರಿ. ಮನಿಯವರು ಒಮ್ಮೆಲೇ ಓಡಿ ಬರ್ತಾರಲ್ರಿ, ಲಗೂ ದೊಡ್ಡದು ಮಾಡಿ ಕೊಡು ಅಂತ."

"ನನ್ನದನ್ನು ಅಳಿಸು. ಈಗಲೇ."

ಅಳಿಸಿದ. ದೇಸಾಯರೂ ಸಹಪಾಠಿಯೂ ಒತ್ತಾಗಿ ಸರಿದು ನಿಂತರು. ನನಗೆ ಸಮಾಧಾನವಾಯಿತು. ಮರುಕ್ಷಣವೇ ಅವರಿಬ್ಬರೂ ಮತ್ತೆ ದೂರ ಸರಿದು ಜಾಗ ಬಿಟ್ಟರು. ನಾನು ಅಲ್ಲಿಗೇ ಮರಳಿ ಬಂದು ಕುಳಿತೆ.

"ಬ್ಯಾಕಪ್ ವಾಪಸ್ ತಂತ್ರಿ. ಕಾಯಂ ಅಂದ್ರ ಅದು ಬಿಡಂಗಿಲ್ಲ," ಎಂದು ಗುರುಸಿದ್ಧ ಕ್ಯಾಮೆರಾ ಎತ್ತಿದ. "ಸ್ವಲ್ಪ ನಗ್ರಿ ಕಾಕಾ. ಇದು ಛಲೋ ಬಂದ್ರ ಹಳೇದರ ಬದಲಿ ಇದನ್ನ ಇಡ್ತೇನಿ."

ನಾನು ನಗಲಿಲ್ಲ. ಅಳುತ್ತಿರುವವರನ್ನು ಗೋಡೆಯ ಮೇಲಿನಿಂದ ನೋಡುತ್ತಾ ನಗುವುದು ಸಭ್ಯತೆಯಲ್ಲ.