ಚಿನ್ನಪ್ಪನವರ ಹೆಸರು ಏಳನೆಯದೇ

ಜರಗನಹಳ್ಳಿಯಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಸೋಮಲಿಂಗಪ್ಪನವರ ಬಾಯಿಂದ ಇಪ್ಪತ್ತು ವರ್ಷಗಳಲ್ಲಿ 'ಆಗಲ್ಲ' ಎಂಬ ಮಾತು ಬಂದಿಲ್ಲ. ಕೌಂಟರಿನ ಕಲ್ಯಾಣಿಯೂ ಅದೇ ಗರಡಿಯವಳು. ಯಾರ ನೆಂಟರು ಬಂದು "ನನ್ ಹೆಸರು ಒಂಚೂರು ಮೇಲಕ್ಕೆ ತಳ್ಳಮ್ಮ" ಎಂದರೂ ತಳ್ಳಿಬಿಡುತ್ತಾಳೆ.

ಗೋವಿಂದಮ್ಮನವರ ಮೊಮ್ಮಗಳ ಕಾರ್ಡು ಹೀಗೇ ಎರಡು ಸಲ ಕೆಟ್ಟಿತ್ತು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಏಳನೆಯವರಾಗಿದ್ದ ಹುಡುಗಿಯ ಸೋದರಮಾವ ಚಿನ್ನಪ್ಪ, ಅಚ್ಚಾಗುವ ಹೊತ್ತಿಗೆ ಎರಡನೆಯವರಾಗಿರುತ್ತಿದ್ದರು. "ಇನ್ನೊಂದ್ ಸಲ ಹಿಂಗಾದ್ರೆ ಜಯನಗರದಲ್ಲಿ ಮಾಡಿಸ್ಕೊತೀನಿ ಕಣಪ್ಪ" ಎಂದಿದ್ದರು ಗೋವಿಂದಮ್ಮ. ಇವತ್ತು ನಾಲ್ಕು ಗಂಟೆಗೆ ಮೂರನೇ ಅಚ್ಚು.

ತಾವು ಹೇಳಲಾಗದ್ದನ್ನು ಕಂಪ್ಯೂಟರಾದರೂ ಹೇಳಲಿ ಎಂದು ಸೋಮಲಿಂಗಪ್ಪ ಬೆಳಿಗ್ಗೆಯೇ ಕುಳಿತರು. ಹೋದ ವರ್ಷ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿ, ತಮಗೊಂದು ಲಾಗಿನ್, ಕಲ್ಯಾಣಿಗೊಂದು ಲಾಗಿನ್ ಮಾಡಿಸಿದ್ದರು. ಕಾರ್ಡುಗಳು ಮಾತ್ರ ಹಳೆಯ ವಿಂಡೋಸ್ ಡ್ರೈವ್‌ನಲ್ಲೇ ಇದ್ದವು. ಪ್ರೆಸ್ಸಿಗೆ ಹೋಗುವುದೂ ಅಲ್ಲಿಂದಲೇ. ಗೋವಿಂದಮ್ಮನವರ ಕಾರ್ಡಿನ ಫೈಲು ತಿದ್ದಲು ಕಲ್ಯಾಣಿಗಿದ್ದ ಅನುಮತಿಯನ್ನು ಮೂರು ಸಲ ತೆಗೆದುಹಾಕಿದರು. ಮೂರು ಸಲವೂ ಕಂಪ್ಯೂಟರ್ ಹೂಂಗುಟ್ಟಿ, ಅನುಮತಿಯನ್ನು ಇದ್ದ ಹಾಗೇ ಉಳಿಸಿಕೊಂಡು ತನ್ನ ಪಾಡಿಗೆ ತಾನಿತ್ತು.

ಕೊನೆಗೆ, ಲಿನಕ್ಸ್ ಹಾಕಿಕೊಟ್ಟಿದ್ದ ಸುದ್ದಗುಂಟೆಪಾಳ್ಯದ ಯುವರಾಜ್‌ಗೆ ಫೋನ್ ಮಾಡಿದರು.

"ಅಂಕಲ್, ಅದು ವಿಂಡೋಸ್ ಡ್ರೈವು. ಒಳಗಡೆ ಒಂದೊಂದ್ ಫೈಲಿಗೆ ಬೀಗ ಹಾಕಿದ್ರೆ ನಿಲ್ಲಲ್ಲ. ಡ್ರೈವು ಮೌಂಟ್ ಆಗೋವಾಗ್ಲೇ, ಅಂದ್ರೆ ಸಿಸ್ಟಮ್ಮಿಗೆ ಜೋಡಿಸ್ಕೊಳ್ಳೋವಾಗ್ಲೇ ಹೇಳ್ಬೇಕು, ಓನರ್ ಯಾರು, ಬರೀ ನೋಡೋರ್ ಯಾರು ಅಂತ."

"ಛತ್ರದ ಬಾಗಿಲಲ್ಲೇ ಹೇಳ್ಬಿಡೋ ಥರ."

"ಅದೇ. ಯಾವ್ ಡ್ರೈವ್ ಹೆಂಗ್ ಜೋಡಿಸ್ಬೇಕು ಅಂತ ಬರೆದಿರೋ ಎಫ್‌ಎಸ್‌ಟ್ಯಾಬ್ ಫೈಲಲ್ಲಿ ಒಂದ್ ಸಾಲು, ಅಷ್ಟೇ."

ಆ ಸಾಲಿನಲ್ಲಿ ಡ್ರೈವಿನ ಒಡೆಯ ಸೋಮಲಿಂಗಪ್ಪ, ಮಿಕ್ಕವರಿಗೆ ಓದಲು ಮಾತ್ರ ಅನುಮತಿ ಎಂದಾಯಿತು. ಡ್ರೈವನ್ನು ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿ, ಕಲ್ಯಾಣಿಯ ಲಾಗಿನ್ ತೆರೆದಿಟ್ಟು ಹಿಂದಿನ ಕೋಣೆಗೆ ಹೋದರು.

ಮೂರೂವರೆಗೆ ಚಿನ್ನಪ್ಪ ಬಂದರು. ಕಲ್ಯಾಣಿ ಎಂದಿನಂತೆ ಹೆಸರು ಮೇಲೇರಿಸಿ ಸೇವ್ ಒತ್ತಿದಳು.

"ಪರ್ಮಿಷನ್ ಇಲ್ವಂತೆ ಅಂಕಲ್."

"ಯಾರ್ ಪರ್ಮಿಷನ್?" ಎಂದರು ಚಿನ್ನಪ್ಪ.

"ಗೊತ್ತಿಲ್ಲ. ಮೆಷೀನೇ ಬಿಡ್ತಿಲ್ಲ."

ಮೆಷೀನಿನ ಮುಂದೆ ಹಿರಿತನ ನಡೆಯಲಿಲ್ಲ. ಚಿನ್ನಪ್ಪ ತಮ್ಮ ಕೈಯಿಂದಲೇ ನಾಲ್ಕು ಸಲ ಒತ್ತಿ ನೋಡಿ ಸೋತರು. ನಾಲ್ಕಕ್ಕೆ ಕಾರ್ಡು ಅಚ್ಚಾಯಿತು. ಅವರ ಹೆಸರು ಏಳನೆಯ ಸಾಲಿನಲ್ಲಿ ತಣ್ಣಗೆ ಕುಳಿತಿತ್ತು.

ಅವರು ಮಾತ್ರ ಹೊರಡಲಿಲ್ಲ. ಹಿಂದಿನ ಕೋಣೆಗೆ ಇಣುಕಿ, ದನಿ ತಗ್ಗಿಸಿದರು.

"ಸೋಮಲಿಂಗಪ್ಪನೋರೆ, ಮಾಘದಲ್ಲಿ ನನ್ ಮಗನ ಮದ್ವೆ ಇದೆ. ಕಾರ್ಡ್ ಇಲ್ಲೇ ಮಾಡಿಸ್ತೀನಿ. ಆ ಮೆಷೀನಿಗೆ ಏನ್ ಮಾಡಿದ್ರೋ, ಅದನ್ನೇ ಮಾಡಿ. ನಮ್ ಭಾವ ಹೆಸರು ಮೇಲೇರಿಸ್ಕೊಳ್ದೆ ಸುಮ್ನಿರೋ ಆಸಾಮಿ ಅಲ್ಲ."

"ಆಗ್ಲಿ," ಎಂದರು ಸೋಮಲಿಂಗಪ್ಪ.