ಒಂದು ಸೇರು ನವಣಿ

ಈರಮ್ಮಜ್ಜಿ ನನ್ನ ಮೇಜಿನ ಮೇಲಿದ್ದ ಅರ್ಜಿಗಳನ್ನು ಮೊಣಕೈಯಿಂದ ಸರಿಸಿ, ಹಿತ್ತಾಳೆ ಸೇರಿನ ತುಂಬ ತಂದಿದ್ದ ನವಣಿಯನ್ನು ಸುರಿದೇಬಿಟ್ಟಳು. ಅವಳ ಹಿಂದೆ ಸೇರು ಹಿಡಿದವರ ಸಾಲು ಬಾಗಿಲಾಚೆಗೂ ಇತ್ತು.

ಊರಿನ ಮೆಕ್ಕೆಜೋಳವನ್ನೆಲ್ಲ ಹುಳು ತಿಂದ ಮೇಲೆ, ಕೂಡ್ಲಿಗಿ ಹತ್ತಿರದ ನಮ್ಮೂರಲ್ಲಿ ರೈತರ ಸಹಕಾರ ಸಂಘ ಕಟ್ಟಲು ಹೊರಟಿದ್ದೆವು. ಸದಸ್ಯರಾಗುವವರು ಒಂದೊಂದು ಷೇರು ಹಾಕಬೇಕೆಂದು ಗುಡಿ ಮೈಕಿನಲ್ಲಿ ಕೂಗಿದವನು ಕಾರ್ಯದರ್ಶಿಯಾದ ನಾನೇ. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ‘ಷ’ ಹೊರಟಿಲ್ಲ.

“ಅಜ್ಜಿ, ಈ ಸೇರಲ್ಲಬೇ, ಸೇರು,” ಎಂದು ತಿದ್ದಿದೆ.

“ಅದನ್ನ ತಂದೀನಲ್ಲೋ ತಮ್ಮಾ. ಬೇಕಾದ್ರ ಇನ್ನೊಮ್ಮಿ ಅಳದು ನೋಡು,” ಎಂದು ಅವಳು ಸೇರನ್ನು ನನ್ನ ಕೈಗೇ ಕೊಟ್ಟಳು.

ತಿದ್ದಿ ತಿದ್ದಿ ಸಾಕಾಗಿ, ಬಂದಷ್ಟನ್ನೂ ಚೀಲಕ್ಕೆ ತುಂಬಿಸಿದೆ. ಮಳೆಗಾಲಕ್ಕೆ ಊರಿನವರು ಬಿತ್ತಿದ್ದು ಅದೇ ನವಣಿ.

ಸುಗ್ಗಿ ಮುಗಿದ ಮೇಲೆ ಸದಸ್ಯರೆಲ್ಲ ಸಂಘಕ್ಕೆ ಒಂದು ಸೇರು ಬೀಜ ಕೊಡುವುದು ಈಗ ನಮ್ಮ ನಿಯಮ. ತಪಾಸಣೆಗೆ ಬಂದ ಅಧಿಕಾರಿ, “ಷೇರೋ, ಸೇರೋ?” ಎಂದು ಕೇಳಿದರು. “ಎರಡೂ ಸರ್, ಸೇರೂ ಹೌದು, ಸೇರೂ ಹೌದು,” ಎಂದೆ. ಅವರು ಏನು ಬರೆದುಕೊಂಡರೋ, ನಾನು ಇಣುಕಿ ನೋಡಲಿಲ್ಲ.